ಅರ್ಥ ಹೇಳದ ಮಾತು

ನನ್ನ ತಂಗಿ ಅಶ್ವತ್ಥಮ್ಮ ತೀರಿಕೊಂಡು ವರ್ಷವಾಯಿತು. ಜ್ವರದಿಂದ ಸತ್ತಳು ಎಂದು ಚಿಂತಾಮಣಿಯ ಡಾಕ್ಟರು ಹೇಳಿದರು. ಅವರು ಬಲ್ಲದ್ದನ್ನು ಅವರು ಹೇಳಿದರು. ನಾನು ಬಲ್ಲದ್ದು ಬೇರೆ. ಜ್ವರ ಬರುವುದಕ್ಕೆ ಐದು ವರ್ಷ ಮೊದಲೇ ಅವಳ ಮೈದುನ ಮುನಿಶಾಮಪ್ಪ ಅವಳಿಗೆ ಒಂದು ಮಾತು ಹಚ್ಚಿದ್ದ. ಅವಳು ಯಾವ ಊರಿಗೆ ಹೋದರೂ ಆ ಮಾತು ಅವಳಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಮುನಿಶಾಮಪ್ಪ ಇನ್ನೂ ಬದುಕಿದ್ದಾನೆ, ಗಟ್ಟಿಯಾಗಿದ್ದಾನೆ. ಅದು ಹೇಗೆ ಸ್ವಾಮಿ ಎಂದು ಶನಿವಾರಗಳಲ್ಲಿ ಆಲಂಬಗಿರಿಗೆ ಹೋದಾಗ ವೆಂಕಟರಮಣನನ್ನು ಕೇಳುತ್ತೇನೆ.

ನಮ್ಮದು ಅಂಬಾಜಿದುರ್ಗದ ಕೆಳಗಿನ ಊರು. ಅಶ್ವತ್ಥಮ್ಮನನ್ನು ಶಿಡ್ಲಘಟ್ಟದ ಕಡೆ ಆವಲಪ್ಪನೆಂಬುವನಿಗೆ ಕೊಟ್ಟಿದ್ದೆವು. ಆವಲಪ್ಪ ಒಳ್ಳೆಯವನು. ಮಕ್ಕಳಾಗುವ ಮೊದಲೇ ಹೋಗಿಬಿಟ್ಟ. ಅವನ ತಮ್ಮ ಮುನಿಶಾಮಪ್ಪ ಯಜಮಾನಿಕೆಗೆ ಬಂದ. ಅತ್ತಿಗೆಯನ್ನು ಮನೆಯಲ್ಲೇ ಇಟ್ಟುಕೊಂಡ. ಅದು ಕರುಣೆಯಿಂದಲ್ಲ. ಆ ಮನೆಯಲ್ಲಿ ರೇಷ್ಮೆಹುಳ ಸಾಕಲು ಬರುತ್ತಿದ್ದದ್ದು ಅವಳೊಬ್ಬಳಿಗೆ. ಎಳೆ ಹುಳಕ್ಕೆ ಸೊಪ್ಪನ್ನು ನೂಲಿನಂತೆ ಹೆಚ್ಚಬೇಕು, ಮಳೆ ಬಿದ್ದ ದಿನ ಎಲೆಯ ನೀರು ಒರೆಸಿ ಹಾಕಬೇಕು, ಪೊರೆ ಬಿಡುವ ಹೊತ್ತಿನಲ್ಲಿ ಹುಳುಮನೆಯ ಬಾಗಿಲು ಕೂಡ ಸದ್ದು ಮಾಡಬಾರದು. ಮುನಿಶಾಮಪ್ಪನ ಹೆಂಡತಿ ಶ್ಯಾಮಲಮ್ಮ ಹುಳ ಮುಟ್ಟಲು ಅಸಹ್ಯಪಡುತ್ತಿದ್ದಳು.

ಆ ಕಡೆಯ ಊರುಗಳಲ್ಲಿ ಆಗ ಒಂದು ರೂಢಿ ಇತ್ತು. ನೂಲು ತೆಗೆಯುವ ಗೂಡನ್ನು ಯಾರು ಬೇಕಾದರೂ ಅಳೆದು ಕೊಡಬಹುದು. ಬಿತ್ತನೆಗೆ, ಅಂದರೆ ಮೊಟ್ಟೆ ಇಡಿಸಿ ಮುಂದಿನ ಬೆಳೆ ತೆಗೆಯಲು ಮಾರುವ ಗೂಡಿಗೆ ಮಾತ್ರ ಹಾಗಿಲ್ಲ. ಆ ಹುಳಕ್ಕೆ ಸೊಪ್ಪು ಹಾಕಿದ ಹೆಂಗಸು ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು ಬಂದು, ಮೊದಲ ಬೊಗಸೆ ಗೂಡನ್ನು ತನ್ನ ಕೈಯಿಂದ ಕೊಳ್ಳುವವನ ವಸ್ತ್ರಕ್ಕೆ ಹಾಕಬೇಕು. ಬಾಯಿ ಮಾತು ಬೇಡ. ಅವಳು ಹಾಕಿದಳೆಂದರೆ ಹುಳಕ್ಕೆ ರೋಗವಿಲ್ಲ ಎಂದು ಅರ್ಥ. ಹಾಕದಿದ್ದರೆ ಯಾರೂ ಕೊಳ್ಳುವುದಿಲ್ಲ. ಆ ಹೆಂಗಸು ಮುತ್ತೈದೆಯೇ ಆಗಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಮದುವೆಗೆ, ಹೆರಿಗೆಗೆ, ಹೊಸ ಧಾನ್ಯಕ್ಕೆ ಬೇಡವಾದ ವಿಧವೆಯ ಕೈ ಅಲ್ಲಿ ಬೇಕಾಗುತ್ತಿತ್ತು. ಅಶ್ವತ್ಥಮ್ಮನಿಗೆ ಲೋಕದಲ್ಲಿ ಉಳಿದಿದ್ದ ಮರ್ಯಾದೆ ಅದೊಂದೇ. ಸುತ್ತಿನ ಊರುಗಳಿಂದ ಅವಳ ಬೊಗಸೆಗೆಂದೇ ಬರುತ್ತಿದ್ದರು.

ಸಾವಿರದ ಒಂಬೈನೂರ ಐವತ್ತೇಳರ ಕಾರ್ತಿಕದಲ್ಲಿ ನಾನು ಆವಲಪ್ಪನ ತಿಥಿಗೆ ಹೋಗಿದ್ದೆ. ಮಾರನೆಯ ಬೆಳಗ್ಗೆ ಹೊರಡುವವನನ್ನು ಅಶ್ವತ್ಥಮ್ಮ ಹುಳುಮನೆಯ ಬಾಗಿಲಿಗೆ ಕರೆದಳು.

“ಅಣ್ಣ, ಇವತ್ತೊಂದು ದಿನ ಇರು. ಪೆರೇಸಂದ್ರದಿಂದ ನಲ್ಲಪ್ಪ ಬರ್ತಾನೆ, ಬಿತ್ತನೆ ಗೂಡಿಗೆ.”

“ಬರ್ಲಿ. ಅದಕ್ಕೆ ನಾನ್ಯಾಕಮ್ಮ?”

“ನಾನು ಕೊಡಲ್ಲ. ಹುಳ ಕೆಟ್ಟಿತ್ತು ಈ ಸಲ. ಒಂದು ದಪ್ಪ, ಒಂದು ಸಣ್ಣ. ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕಿ. ಗೂಡೇನೋ ಕಟ್ತು. ನೂಲಿಗೆ ಹಾಕಿದ್ರೆ ಯಾರಿಗೂ ನಷ್ಟ ಇಲ್ಲ. ಬಿತ್ತನೆಗೆ ಹಾಕಿದ್ರೆ ಮೊಟ್ಟೆಲೇ ರೋಗ ಹೋಗುತ್ತೆ, ಅವನ ಮನೆ ತೊಳೆದು ಹೋಗುತ್ತೆ.”

“ಮುನಿಶಾಮಿಗೆ ಹೇಳಿದ್ಯಾ?”

“ಹೇಳಿದೆ. ಸುಮ್ನೆ ಹಾಕು ಅಂದ. ಹಾಕಲ್ಲ ಅಂದೆ.” ಅವಳು ನಗಲು ನೋಡಿದಳು. “ಅವನು ನನ್ನ ಹೊಡೆಯೋನಲ್ಲ ಬಿಡು. ಓದ್ಕೊಂಡೋನು.”

ಅದು ನಿಜ. ಮುನಿಶಾಮಪ್ಪ ಲೋಯರ್ ಸೆಕೆಂಡರಿ ಓದಿದ್ದ. ಚಿಕ್ಕಬಳ್ಳಾಪುರದ ಕೋರ್ಟಿನ ಜಗುಲಿಯಲ್ಲಿ ವಕೀಲರ ಜೊತೆ ಕೂತು ಬರುತ್ತಿದ್ದ. ಬಿಳಿ ಪಂಚೆ, ಕಿವಿಯಲ್ಲಿ ಅತ್ತರಿನ ಹತ್ತಿ. ಊರಿನವರು ಜಗಳವಾಡಿದರೆ ತಾಯಿ ತಂಗಿಯರನ್ನು ಎಳೆದು ಬೈಯುತ್ತಾರೆ, ಸಂಜೆಗೆ ಒಂದೇ ಬಾವಿಯ ನೀರು ಸೇದುತ್ತಾರೆ. ಮುನಿಶಾಮಪ್ಪನ ಬಾಯಲ್ಲಿ ಅಂಥ ಮಾತು ಒಂದು ದಿನವೂ ಬಂದದ್ದಿಲ್ಲ.

ನಲ್ಲಪ್ಪ ಇಬ್ಬರು ನೆಂಟರೊಡನೆ ಗಾಡಿ ಕಟ್ಟಿಕೊಂಡು ಬಂದ. ದೊಡ್ಡ ಆಳು, ದೊಡ್ಡ ದನಿ, ಅರ್ಧ ಕನ್ನಡ ಅರ್ಧ ತೆಲುಗು. ಅಂಗಳದಲ್ಲಿ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ಗೂಡು ನೋಡಲು ಚೆನ್ನಾಗಿಯೇ ಇತ್ತು. ಊರಿನ ಹಿರಿಯ ಕೋನಪ್ಪ, ಅಕ್ಕಪಕ್ಕದ ನಾಲ್ಕಾರು ಜನ, ಹೆಂಗಸರು, ಎಲ್ಲರೂ ಸೇರಿದ್ದರು. ನಲ್ಲಪ್ಪ ವಸ್ತ್ರ ಹಾಸಿ ಕೂತ.

“ಏಮಮ್ಮಾ ಅಶ್ವತ್ಥಮ್ಮ, ಬಾ ತಾಯಿ. ನಿನ್ನ ಕೈ ಬೀಳ್ಲಿ, ಹೋಗಣ. ಎತ್ತಿಗೆ ನೀರು ಕುಡಿಸ್ಬೇಕು.”

ಅಶ್ವತ್ಥಮ್ಮ ಬಂದಳು. ತಲೆಗೆ ನೀರು ಹಾಕಿಕೊಂಡಿರಲಿಲ್ಲ. ಹಿಂದಿನ ದಿನದ ಸೀರೆಯಲ್ಲೇ ಬಂದು ನಿಂತಳು. ಹೆಂಗಸರು ಅದನ್ನು ಮೊದಲು ಕಂಡರು, ಗುಸುಗುಸು ಎದ್ದಿತು.

“ನಲ್ಲಪ್ಪಣ್ಣ, ಇದು ಬಿತ್ತನೆಗೆ ಬೇಡ. ಹುಳಕ್ಕೆ ರೋಗ ಇತ್ತು” ಎಂದಳು.

ನಲ್ಲಪ್ಪ ಮುನಿಶಾಮಪ್ಪನ ಮುಖ ನೋಡಿದ. ನಾನೂ ನೋಡಿದೆ. ಅವನಿಗೆ ಸಿಟ್ಟು ಬರಲಿಲ್ಲ. ಕೆಟ್ಟ ಸುದ್ದಿ ಹೇಳುವವನು ಮಾಡುವಂತೆ ಮುಖ ಸಣ್ಣದು ಮಾಡಿಕೊಂಡು, ನಲ್ಲಪ್ಪನ ಹತ್ತಿರ ಕೂತು, ಆದರೆ ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ಹೇಳಿದ:

“ಅವಳ ಮಾತು ತಗೋಬೇಡಿ. ಮನೆ ಮಾನ ಅಂತ ಇಷ್ಟು ದಿನ ಮುಚ್ಚಿಟ್ಟಿದ್ದೆ. ನಮ್ಮ ಅತ್ತಿಗೆ ಭ್ರಷ್ಟೆ.”

ನಲ್ಲಪ್ಪನಿಗೆ ಅರ್ಥವಾಗಲಿಲ್ಲ. “ಬರ್ಷ್ಟೆ ಅಂದ್ರೆ ಏನಪ್ಪ?”

“ಅದನ್ನ ಬಾಯಿಬಿಟ್ಟು ಹೇಳಕ್ಕಾಗುತ್ತಾ, ಹೆಂಗಸರ ಮುಂದೆ? ಭ್ರಷ್ಟೆ ಅಂದ್ರೆ ಭ್ರಷ್ಟೆ. ಅಂಥೋಳ ಕೈ ಬೊಗಸೆಗೆ ಆಗಲ್ಲ, ಅಂಥೋಳ ಮಾತೂ ಆಗಲ್ಲ. ಅದಕ್ಕೇ ನಾನೇ ಬೊಗಸೆ ಹಾಕ್ಬೇಡ ಅಂದೆ. ಆ ಹೊಟ್ಟೆಕಿಚ್ಚಿಗೆ ಹೀಗೆ ಆಡ್ತಾಳೆ.”

ಆ ಅಂಗಳದಲ್ಲಿ ಆ ಮಾತಿನ ಅರ್ಥ ಬಲ್ಲವರು ಒಬ್ಬರೂ ಇರಲಿಲ್ಲ. ಬಲ್ಲವರಿದ್ದಿದ್ದರೆ ಏನು, ಯಾವಾಗ, ಯಾರೊಡನೆ ಎಂದು ಕೇಳುತ್ತಿದ್ದರು. ಸೂಳೆ ಎಂದಿದ್ದರೆ ಅಶ್ವತ್ಥಮ್ಮನೇ ತಿರುಗಿಬಿದ್ದು ಸಾಕ್ಷಿ ಕೇಳುತ್ತಿದ್ದಳು. ಕಳ್ಳಿ ಎಂದಿದ್ದರೆ ಕದ್ದದ್ದೇನೆಂದು ತೋರಿಸಬೇಕಾಗುತ್ತಿತ್ತು. ಇದಕ್ಕೆ ಏನನ್ನೂ ತೋರಿಸಬೇಕಾಗಿರಲಿಲ್ಲ. ಹರಿಕಥೆಯಲ್ಲಿ ಕೇಳಿದ ಮಾತು, ಕೋರ್ಟಿನಿಂದ ಬಂದ ಮಾತು, ಸುಳ್ಳಾಗಿರಲಾರದು ಎಂದುಕೊಂಡರು. ಒಬ್ಬೊಬ್ಬರೂ ತಮ್ಮ ತಲೆಯಲ್ಲಿದ್ದ ಹೊಲಸನ್ನು ತೆಗೆದು ಅದರೊಳಗೆ ತುಂಬಿಕೊಂಡರು.

ನಾನು ಎದ್ದು ನಿಂತೆ. “ಮುನಿಶಾಮಿ, ಏನು ಮಾತು ಅದು? ಹುಳ ನೋಡಿದೋಳು ಅವಳು. ರೋಗದ ವಿಷಯಕ್ಕೆ ಜವಾಬು ಹೇಳು.”

“ನೀವು ದೊಡ್ಡೋರು ನರಸಿಂಹಣ್ಣ. ನಿಮ್ಮ ಮುಂದೆ ಆಡ್ಬೇಕಾಗಿ ಬಂದಿದ್ದು ನನ್ನ ಕರ್ಮ. ಅಣ್ಣನಾದೋರು ತಂಗಿ ಪರ ಆಡ್ದೆ ಇನ್ಯಾರ ಪರ ಆಡ್ತೀರಿ?”

ಯಾರೋ ಹಿಂದಿನಿಂದ ಕಿಸಕ್ಕೆಂದರು. “ಕೂತ್ಕೊಳ್ಳಿ ಸ್ವಾಮಿ, ನಿಮ್ಮೂರಲ್ಲ ಇದು” ಎಂದ ಇನ್ನೊಬ್ಬ. ನಾನು ಕೂರಲಿಲ್ಲ. ಕೋನಪ್ಪನ ಕಡೆ ತಿರುಗಿ, “ಹಿರಿಯರು ನೀವು ಹೇಳಿ” ಎಂದೆ. ಕೋನಪ್ಪ ಎಲೆಯಡಿಕೆ ಉಗುಳಲು ಎದ್ದು ಹೋದ.

ಮೊದಲ ಬೊಗಸೆಯನ್ನು ಶ್ಯಾಮಲಮ್ಮ ಹಾಕಿದಳು. ಆ ಹುಳಕ್ಕೆ ಒಂದು ಎಲೆಯನ್ನೂ ಹಾಕದ ಕೈ. ನಲ್ಲಪ್ಪ ಗಂಟು ಕಟ್ಟಿಕೊಂಡು ಹೊರಟ. ಹೋಗುವಾಗ ಅಶ್ವತ್ಥಮ್ಮನ ನೆರಳು ತಾಗದಂತೆ ಸುತ್ತಿ ಹೋದ.

ಹೊರಡು ನನ್ನ ಜೊತೆ ಎಂದು ಅವಳಿಗೆ ಹೇಳಿದೆ. ಒಪ್ಪಲಿಲ್ಲ. “ಈಗ ಬಂದ್ರೆ ಅವನು ಹೇಳಿದ್ದೇ ನಿಜ ಅಂತಾಗುತ್ತೆ ಅಣ್ಣ. ಹುಳ ಏಳ್ಲಿ ನಲ್ಲಪ್ಪನ ಮನೇಲಿ. ಆಗ ಗೊತ್ತಾಗುತ್ತೆ ಎಲ್ರಿಗೂ.”

ಊರಿಗೆ ಬರುವ ದಾರಿಯಲ್ಲಿ ಚಿಂತಾಮಣಿಯಲ್ಲಿ ಇಳಿದು, ನನಗೆ ಅಕ್ಷರ ಕಲಿಸಿದ ಪುಟ್ಟಸ್ವಾಮಯ್ಯ ಮೇಷ್ಟರ ಮನೆಗೆ ಹೋದೆ. ಕಣ್ಣು ಮಂಜಾಗಿ ಮನೆಯಲ್ಲೇ ಇದ್ದರು. ಭ್ರಷ್ಟ ಎಂದರೇನು ಎಂದು ಕೇಳಿದೆ.

“ಇದ್ದ ನೆಲೆಯಿಂದ ಜಾರಿದ್ದು ಅಂತ. ಆಚಾರದಿಂದ ಜಾರಿದವನು ಆಚಾರಭ್ರಷ್ಟ. ರಾಜ್ಯ ಕಳಕೊಂಡವನು ರಾಜ್ಯಭ್ರಷ್ಟ. ಯಾವುದರಿಂದ ಅಂತ ಜೊತೆಗೆ ಹೇಳಬೇಕು, ಬರೀ ಭ್ರಷ್ಟ ಅಂದ್ರೆ ಮಾತು ಪೂರ್ತಿ ಆಗಲ್ಲ. ಯಾಕಪ್ಪ ಕೇಳ್ತೀಯಾ?”

ನಡೆದದ್ದನ್ನು ಹೇಳಿದೆ.

“ಅರ್ಥ ನಾನು ಹೇಳ್ಬಹುದು, ನರಸಿಂಹ. ಆದ್ರೆ ಅದನ್ನ ತಗೊಂಡು ಹೋಗಿ ಆ ಊರಲ್ಲಿ ಹಂಚಕ್ಕಾಗಲ್ಲ. ಅವರಿಗೆ ಅರ್ಥ ಬೇಕಾಗಿಲ್ಲ.”

ಅವರು ಹೇಳಿದ್ದು ಸರಿಯಾಗಿತ್ತು. ನಲ್ಲಪ್ಪನ ಮನೆಯಲ್ಲಿ ಮೊಟ್ಟೆಯೊಡೆದು ಹುಳ ಎದ್ದಿತು. ಎರಡನೆಯ ಪೊರೆಗೆ ಅರ್ಧ ಸತ್ತಿತು, ಉಳಿದದ್ದು ಸೊಪ್ಪಿನ ಮೇಲೆ ಹೊರಳಿ ಕಪ್ಪಾಯಿತು. ಅವನಿಂದ ಮೊಟ್ಟೆ ಕೊಂಡವರದೂ ಹಾಗೇ ಆಯಿತು. ಗೌರಿಬಿದನೂರಿನ ಹಾದಿಯ ಊರುಗಳವರೆಗೂ ಆ ಬೆಳೆ ಮಣ್ಣಾಯಿತಂತೆ. ಅಶ್ವತ್ಥಮ್ಮ ಕಾದಿದ್ದ ದಿನ ಬಂದಿತು. ನಲ್ಲಪ್ಪ ಸತ್ತ ಹುಳವನ್ನು ಮಂಕರಿಯಲ್ಲಿ ತುಂಬಿಕೊಂಡು ಮುನಿಶಾಮಪ್ಪನ ಬಾಗಿಲಿಗೆ ಬಂದು ಕೂಗಾಡಿದ.

“ಏಮಿರಾ ಇದಿ? ಇದೇನೋ ನೀನು ಕೊಟ್ಟಿದ್ದು? ನನ್ನ ಹೆಂಡ್ತಿ ಮೂರು ದಿನದಿಂದ ಅನ್ನ ಮುಟ್ಟಿಲ್ಲ ಕಣೋ!”

ಮುನಿಶಾಮಪ್ಪ ಹೊರಗೆ ಬಂದ. ಅದನ್ನು ನನಗೆ ಹೇಳಿದವಳು ಅಶ್ವತ್ಥಮ್ಮನೇ. ಅವಳು ನಡುಮನೆಯಲ್ಲಿ ನಿಂತು ಕೇಳುತ್ತಿದ್ದಳು. ಅವನು ಕೈ ಮುಗಿದನಂತೆ.

“ನಲ್ಲಪ್ಪ, ಅವತ್ತೇ ಎಲ್ಲರ ಮುಂದೆ ಹೇಳಿದ್ನೋ ಇಲ್ವೋ? ಮನೇಲಿ ಭ್ರಷ್ಟೆ ಇದಾಳೆ ಅಂತ. ಅವಳ ಕೈ ತಪ್ಪಿಸಿ ನನ್ನ ಹೆಂಡ್ತಿ ಕೈಲಿ ಕೊಡಿಸ್ದೆ. ಆದ್ರೂ ಸೊಪ್ಪು ಹಾಕಿದ್ದು ಆ ಕೈಯೇ ಅಲ್ವಾ? ತಗುಲಿಬಿಡ್ತು. ನನಗೂ ನಷ್ಟ ಆಯ್ತು.”

ನಲ್ಲಪ್ಪ ಒಂದು ಗಳಿಗೆ ಯೋಚಿಸಿರಬೇಕು. ಯೋಚಿಸಿ, ಮಂಕರಿ ಎತ್ತಿಕೊಂಡು ಒಳಗೆ ನುಗ್ಗಿ, ಆ ಕೊಳೆತ ಹುಳವನ್ನು ನನ್ನ ತಂಗಿಯ ಕಾಲ ಮೇಲೆ ಸುರಿದ. “ತಿನ್ನು, ಚೆಡಿಪೋಯಿನದಾನಾ” ಎಂದು ತೆಲುಗಿನಲ್ಲಿ ಉಗಿದ. ಕೆಟ್ಟುಹೋದವಳೇ ಎಂದು ಅರ್ಥ. ಅವಳಿಗೆ ಹೇಳಿದ ಮಾತುಗಳಲ್ಲಿ ಅರ್ಥವಿದ್ದದ್ದು ಅದೊಂದೇ.

ರೋಗ ಉಂಟು ಎಂದವಳು ಅವಳು. ರೋಗ ಬಂತು. ಬಂದದ್ದಕ್ಕೆ ಅವಳೇ ಕಾರಣ ಎಂದರು. ಗೂಡು ಮಾರುವಾಗ ಅವಳ ಬಾಯಿ ಮುಚ್ಚಿಸಲು ಬಂದ ಮಾತು, ಬೆಳೆ ಸತ್ತಾಗ ಮುನಿಶಾಮಪ್ಪನ ಬಾಗಿಲು ಕಾಯಲೂ ಬಂತು. ಇಷ್ಟು ಬಗೆಯಲ್ಲಿ ದುಡಿಯುವ ಆಳು ಇನ್ನೆಲ್ಲಿ ಸಿಕ್ಕೀತು ಅವನಿಗೆ?

ಆಮೇಲೆ ನಾನು ಗಾಡಿ ಕಟ್ಟಿಕೊಂಡು ಹೋಗಿ ಅವಳನ್ನು ಕರೆತಂದೆ. ಈ ಸಲ ಅವಳು ಬೇಡವೆನ್ನಲಿಲ್ಲ. ಒಂದು ಟ್ರಂಕು, ಸೊಪ್ಪು ಹೆಚ್ಚುವ ಕತ್ತಿ. ಶ್ಯಾಮಲಮ್ಮ ಬಾಗಿಲಲ್ಲಿ ನಿಂತು, “ಕತ್ತಿ ನಮ್ಮ ಮನೇದು” ಎಂದಳು. ಅಶ್ವತ್ಥಮ್ಮ ಗಾಡಿಯಿಂದ ಇಳಿದು ಕತ್ತಿಯನ್ನು ಜಗುಲಿಯ ಮೇಲಿಟ್ಟು ಬಂದಳು.

ನಮ್ಮ ಊರಲ್ಲೂ ಹುಳ ಸಾಕುತ್ತಾರೆ. ನನ್ನ ಹೆಂಡತಿ ಚಿಕ್ಕವೆಂಕಟಮ್ಮ ಅವಳನ್ನು ನಾಲ್ಕು ಮನೆಗೆ ಕರೆದುಕೊಂಡು ಹೋದಳು, ಕೈ ಒಳ್ಳೆಯದು, ಕೆಲಸಕ್ಕೆ ಇಟ್ಟುಕೊಳ್ಳಿ ಎಂದು. ಹೆಂಗಸರು ಮಣೆ ಹಾಕಿ ಕೂರಿಸಿದರು, ಮಜ್ಜಿಗೆ ಕೊಟ್ಟರು. ಹುಳುಮನೆಯ ಬಾಗಿಲು ಮಾತ್ರ ಮುಚ್ಚಿಕೊಂಡರು. ಒಬ್ಬಳು ಚಿಕ್ಕವೆಂಕಟಮ್ಮನನ್ನು ಪಕ್ಕಕ್ಕೆ ಕರೆದು, “ಏನೋ ಬರ್ಷ್ಟೆ ಅಂತಾರಲ್ಲಕ್ಕ, ಅದು ಕಣ್ಣಿಂದ ತಗುಲುತ್ತಾ, ಮುಟ್ಟಿದ್ರೆ ತಗುಲುತ್ತಾ?” ಎಂದು ಕೇಳಿದಳಂತೆ. ಕುಷ್ಠದಂಥ ಕಾಯಿಲೆ ಎಂದುಕೊಂಡಿದ್ದಳು. ನನ್ನ ಹೆಂಡತಿ ಆ ಮನೆಗೆ ಇವತ್ತಿಗೂ ಹೋಗುವುದಿಲ್ಲ.

ಅಶ್ವತ್ಥಮ್ಮ ನಮ್ಮಲ್ಲಿ ರಾಗಿ ಬೀಸಿಕೊಂಡು, ದೇವರ ಮನೆ ಸಾರಿಸಿಕೊಂಡು ಇದ್ದಳು. ಅಳುವವಳಲ್ಲ. ಮುನಿಶಾಮಪ್ಪನ ಸುದ್ದಿ ಬಂದಾಗ ಒಮ್ಮೆ ನಕ್ಕಳು, ಅಷ್ಟೆ. ಅವಳು ಬಂದ ಎರಡು ವರ್ಷಕ್ಕೆ ತಾಲ್ಲೂಕು ಬೋರ್ಡಿನ ಚುನಾವಣೆಗೆ ಅವನು ನಿಂತಿದ್ದ. ಶಿಡ್ಲಘಟ್ಟದ ಸಂತೆಯಲ್ಲಿ ಮೇಜಿನ ಮೇಲೆ ಹತ್ತಿ, ನಮ್ಮ ಕಚೇರಿಗಳಲ್ಲಿ ಭ್ರಷ್ಟಾಚಾರ ತುಂಬಿದೆ, ಅದನ್ನು ತೊಳೆಯುತ್ತೇನೆ ಎಂದು ಭಾಷಣ ಮಾಡಿದನೆಂದು ನಮ್ಮವನೊಬ್ಬ ಬಂದು ಹೇಳಿದ. ಗೆದ್ದ ಕೂಡ. “ಅವನಿಗೆ ಬರೋದು ಅದೊಂದೇ ಮಾತೇನೋ, ಪಾಪ” ಎಂದಳು ಅಶ್ವತ್ಥಮ್ಮ.

ಅರವತ್ತೆರಡರ ಮಳೆಗಾಲದಲ್ಲಿ ಜ್ವರ ಹಿಡಿಯಿತು. ಉಳಿಯುವುದಿಲ್ಲವೆಂದು ಅವಳಿಗೇ ತಿಳಿದಾಗ ಚಿಕ್ಕವೆಂಕಟಮ್ಮನ ಕೈ ಹಿಡಿದುಕೊಂಡಳು. ನಾನು ಹೊಸ್ತಿಲಲ್ಲಿ ಕೂತಿದ್ದೆ.

“ಅತ್ತಿಗೆ, ಬಾಯಿಗಕ್ಕಿ ಹಾಕಕ್ಕೆ ಆ ಮನೆಯಿಂದ ಬರ್ತಾರೆ. ಬರ್ದೆ ಇರಲ್ಲ, ಜನ ನೋಡ್ತಾರಲ್ಲ. ಹುಳ ಕೆಟ್ಟಿತ್ತು, ಅವಳು ಹೇಳಿದ್ದು ನಿಜ ಅಂತ ಹೇಳಿ ಹಾಕ್ಲಿ. ಹೇಳ್ದೆ ಹಾಕೋದು ಬೇಡ.”

“ಹಾಗಂದ್ರೆ ಹ್ಯಾಗಮ್ಮ? ಗಂಡನ ಮನೆ ಅಕ್ಕಿ ಇಲ್ದೆ ಹೋಗ್ತೀಯಾ?” ಎಂದು ಚಿಕ್ಕವೆಂಕಟಮ್ಮ ಅತ್ತಳು.

ನಮ್ಮಲ್ಲಿ ಹೆಣ ಎತ್ತುವ ಮೊದಲು ನೆಂಟರೆಲ್ಲ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಾರೆ. ಮದುವೆಯಾದ ಹೆಣ್ಣಿಗೆ ಗಂಡನ ಮನೆಯ ಅಕ್ಕಿ ಮೊದಲು ಬೀಳಬೇಕು. ಬೀಳದಿದ್ದರೆ ಆ ಮನೆ ಅವಳನ್ನು ಬಿಟ್ಟಿತೆಂದೇ ಅರ್ಥ, ಮೇಲಿನ ಲೋಕದಲ್ಲಿ ಆವಲಪ್ಪನ ಪಕ್ಕ ಅವಳಿಗೆ ಜಾಗವಿಲ್ಲವೆಂದೇ ಅರ್ಥ. ಅಶ್ವತ್ಥಮ್ಮನಿಗೆ ಇದು ಗೊತ್ತಿಲ್ಲದ್ದಲ್ಲ. ನನಗಿಂತ ಹೆಚ್ಚು ದೇವರನ್ನು ನಂಬಿದವಳು. “ಹೇಳ್ಲಿ” ಎಂದಷ್ಟೇ ಮತ್ತೆ ಹೇಳಿ ಕಣ್ಣು ಮುಚ್ಚಿದಳು. ಮಾರನೆಯ ದಿನ ಹೋದಳು.

ಮುನಿಶಾಮಪ್ಪ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಬೋರ್ಡು ಮೆಂಬರಿನ ಜರಿ ವಸ್ತ್ರ. ಜೊತೆಗೆ ಕೋನಪ್ಪ. ವಯಸ್ಸಾಗಿ ಅವನು ಕೋಲು ಹಿಡಿದಿದ್ದ. ಅಂಗಳದಲ್ಲಿ ಚಟ್ಟದ ಮೇಲೆ ಅವಳನ್ನು ಮಲಗಿಸಿದ್ದೆವು. ಮುನಿಶಾಮಪ್ಪ ಮುಷ್ಟಿಯಲ್ಲಿ ಅಕ್ಕಿ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬಗ್ಗಿದ. ನಾನು ಅವನ ಮುಂಗೈ ಹಿಡಿದೆ.

“ಹೇಳಿ ಹಾಕು.”

“ಏನ್ ಹೇಳ್ಬೇಕಣ್ಣ?”

“ಹುಳ ಕೆಟ್ಟಿತ್ತು, ಅವಳು ಹೇಳಿದ್ದು ನಿಜ ಅಂತ. ಅವಳೇ ಕೇಳಿದ್ದು. ಗಟ್ಟಿಯಾಗಿ ಹೇಳು.”

“ಸತ್ತೋರ ಮುಂದೆ ಹಳೇ ಮಾತು ಯಾಕೆ? ನಾನು ಎಲ್ಲ ಮರೆತು ಬಂದಿದೀನಿ.”

“ನೀನು ಮರೆಯೋಕೆ ನಿನಗೇನು ಮಾಡಿದ್ಲು ಅವಳು?”

ಸೇರಿದ್ದ ಜನ ಹತ್ತಿರಕ್ಕೆ ಸರಿದರು. ಅವನು ಕೈ ಬಿಡಿಸಿಕೊಳ್ಳಲು ನೋಡಿದ. ನಾನು ಬಿಡಲಿಲ್ಲ. ನನಗೆ ಅರವತ್ತು ದಾಟಿದ್ದರೂ ನೇಗಿಲು ಹಿಡಿದ ಕೈ.

“ಬೋರ್ಡು ಮೆಂಬರ್ ನಾನು. ಹೆಣದ ಮುಂದೆ ಕೈ ಹಿಡಿದು ಎಳೆದಾಡ್ತೀರಲ್ಲ, ನಾಚಿಕೆ ಆಗಲ್ವಾ? ನಾನೊಬ್ನೇ ಅಂದಿದ್ದಾ? ಊರೇ ಅಂತಿತ್ತು.”

ಆಗ ಕೋನಪ್ಪ ಕೋಲೂರಿಕೊಂಡು ಮುಂದೆ ಬಂದ. “ಹೌದಪ್ಪ, ಊರೆಲ್ಲ ಅಂದ್ವಿ. ನಾನೂ ಅಂದಿದೀನಿ. ಇವತ್ತಾದ್ರೂ ಅದರ ಅರ್ಥ ಹೇಳು ಮುನಿಶಾಮಿ. ಏನು ಮಾಡಿದ್ಲು ಅಂತ ಅಂದ್ವಿ ನಾವು?”

“ಕೆಟ್ಟೋಳು ಅಂತ.”

“ಏನು ಕೆಟ್ಟದ್ದು ಮಾಡಿದ್ಲು?”

ಮುನಿಶಾಮಪ್ಪ ಸುತ್ತ ನೋಡಿದ. ಹೇಳಲು ಒಂದು ಹೆಸರು, ಒಂದು ದಿನ, ಒಂದು ಸುಳ್ಳಾದರೂ ಅವನಲ್ಲಿ ಸಿದ್ಧವಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಬೇಕಾಗಿರಲಿಲ್ಲ. ನಾನು ಕೈ ಬಿಟ್ಟೆ.

“ಹಾಕಗೊಡಲ್ಲ ಅಂದ್ರೆ ಬೇಡ. ಸತ್ತ ಮೇಲೂ ಗಂಡನ ಮನೆ ಮರ್ಯಾದೆ ಕಳೆದ್ಲು” ಎಂದು ಅಕ್ಕಿಯ ಮುಷ್ಟಿ ಹಾಗೇ ಹಿಡಿದು ತಿರುಗಿದ. ಹೆಣಕ್ಕೆ ತಂದ ಅಕ್ಕಿಯನ್ನು ಮನೆಗೆ ಹಿಂದಕ್ಕೆ ಒಯ್ಯುವಂತಿಲ್ಲ. ನಮ್ಮ ಬೀದಿಯಲ್ಲಿ ಚೆಲ್ಲುವಂತೆಯೂ ಇಲ್ಲ, ಬಾಗಿಲುಗಳಲ್ಲೆಲ್ಲ ಹೆಂಗಸರು ನಿಂತು ನೋಡುತ್ತಿದ್ದರು. ಮುಷ್ಟಿ ಬಿಗಿಹಿಡಿದು ಊರ ಹೊರಗಿನ ತನಕ ನಡೆದನಂತೆ. ಅಲ್ಲಿಂದಾಚೆ ಏನು ಮಾಡಿದನೋ ನನಗೆ ತಿಳಿಯದು.

ಕೋನಪ್ಪ ಹೋಗಲಿಲ್ಲ. ಕೋಲನ್ನು ಕೆಳಗಿಟ್ಟು ಅವಳ ತಲೆಯ ಹತ್ತಿರ ಕೂತ. ಪಂಚೆಯ ಗಂಟಿನಿಂದ ಅಕ್ಕಿ ತೆಗೆದ. ಎಲ್ಲರಿಗೂ ಕೇಳುವಂತೆ ಹೇಳಿದ:

“ಹುಳ ಕೆಟ್ಟಿತ್ತು ತಾಯಿ. ನೀನು ಹೇಳಿದ್ದು ನಿಜ. ಗೂಡು ಕಟ್ಟೋ ಮೊದಲೇ ನಾನೂ ತಟ್ಟೇಲಿ ಹುಳ ನೋಡಿದ್ದೆ. ನನಗೂ ಗೊತ್ತಿತ್ತು.”

ಚಿಕ್ಕವೆಂಕಟಮ್ಮ ನನ್ನ ಮುಖ ನೋಡಿದಳು. ಅಶ್ವತ್ಥಮ್ಮ ಕೇಳಿದ್ದ ಮಾತನ್ನು ಆ ಊರಿನವನೊಬ್ಬ ಆಡಿದ್ದಾನೆ; ಆ ಮನೆಯವನಲ್ಲ. ನಾನು ಹೂಂ ಎಂದೆ. ಕೋನಪ್ಪ ನಾಲ್ಕು ಕಾಳು ಅವಳ ತುಟಿಯ ಮೇಲೆ ಹಾಕಿದ. ಕಣ್ಣೀರು ಒರೆಸಿಕೊಂಡು ನನ್ನ ಕಡೆ ಕೈ ಚಾಚಿದ, ಎಬ್ಬಿಸಲೆಂದು.

ಮುನಿಶಾಮಪ್ಪನ ಮೇಲೆ ನನಗಿದ್ದದ್ದು ಹಳೆಯ ಸಿಟ್ಟು, ಅದರ ಜೊತೆ ಉಂಡು ಮಲಗಿ ಅಭ್ಯಾಸವಾಗಿತ್ತು. ಕೋನಪ್ಪನ ಮೇಲೆ ಆ ಗಳಿಗೆ ಹುಟ್ಟಿದ್ದು ಬೇರೆ. ತಟ್ಟೆ ನೋಡಿದ್ದನಂತೆ. ಗೊತ್ತಿತ್ತಂತೆ. ಅವತ್ತು ಅಂಗಳದಲ್ಲಿ ಒಂದು ಮಾತು ಆಡಿದ್ದರೆ ಸಾಕಾಗಿತ್ತು, ಎಲೆಯಡಿಕೆ ಉಗುಳಲು ಎದ್ದು ಹೋದ. ಐದು ವರ್ಷ ತನ್ನ ಬಾಯಲ್ಲೂ ಆ ಮಾತನ್ನು ಹೊರಳಿಸಿಕೊಂಡು, ಅವಳಿಗೆ ಕಿವಿಯಿಲ್ಲದ ದಿನ ಬಂದು ನಿಜ ಹೇಳಿ ಅಳುತ್ತಾನೆ. ಮುಪ್ಪಿನಲ್ಲಿ ಪುಣ್ಯ ಕಟ್ಟಿಕೊಳ್ಳಲು ನನ್ನ ತಂಗಿಯ ಹೆಣವೇ ಬೇಕಾಯಿತೇ ಅವನಿಗೆ?

ಚಾಚಿದ ಕೈಯನ್ನು ನಾನು ಹಿಡಿಯಲಿಲ್ಲ. ಅವನು ಕೋಲು ಹುಡುಕಿಕೊಂಡು ತಾನೇ ಎದ್ದ.

“ಕ್ಷಮಿಸಪ್ಪ ನರಸಿಂಹಣ್ಣ” ಎಂದ.

“ದಾರಿ ಬಿಡಿ, ಹೊತ್ತಾಯ್ತು” ಎಂದೆ. ನಾಲ್ವರು ಹೆಗಲು ಕೊಟ್ಟೆವು. ಮುಂದಿನ ಬಲಗಡೆ ನಾನು ಹಿಡಿದೆ.